ಅತ್ತೆಯ ಬರಿಗಾಲು

ನನ್ನ ಅತ್ತೆ ಶಿವನಂಜಮ್ಮ ಚಪ್ಪಲಿ ಬಿಟ್ಟು ಎರಡು ವರ್ಷವಾಗಿತ್ತು. ಸೊಸೆಗೆ ಬಸಿರು ನಿಂತ ಸುದ್ದಿ ಕಿವಿಗೆ ಬೀಳುವವರೆಗೂ ಚಪ್ಪಲಿ ಮೆಟ್ಟುವುದಿಲ್ಲವೆಂದು ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಸೊಸೆ ಎಂದರೆ ನಾನೇ, ಸಿಂಧು. ನನ್ನ ಬಿ.ಎಡ್ ಮುಗಿಯುವ ತನಕ ಮಕ್ಕಳು ಬೇಡವೆಂದು ನಾನೂ ನನ್ನ ಗಂಡ ಶಾಂತರಾಜುವೂ ಮಾತಾಡಿಕೊಂಡಿದ್ದೆವು. ನಾನು ದಿನಾ ಮಾತ್ರೆ ನುಂಗುತ್ತಿದ್ದೆ, ಅತ್ತೆ ಹೊನ್ನೂರಿನ ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ತಿರುಗುತ್ತಿದ್ದರು. ಹೇಳಬೇಕಿತ್ತು. ಕಂಡಕ್ಟರನ ಜೊತೆ ಜಗಳವಾಡುವಾಗ ಎಲ್ಲಿಲ್ಲದ ಮಾತು ಬರುತ್ತದೆ, ಇದಕ್ಕೆ ಮಾತ್ರ ನನ್ನ ಬಾಯಿಗೆ ಬೀಗ.

ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಕೀವಿನ ವಾಸನೆ ಬಂದಾಗ ಹೆದರಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆ. ಅಲ್ಲೊಂದು ಕ್ಲಿನಿಕ್ಕಿಗೆ ಮೈಸೂರಿನಿಂದ ಪಾದದ ಡಾಕ್ಟರು ಬರುತ್ತಾರೆ.

"ಪಾದುಕ್ಕೂ ಒಬ್ರು ಡಾಕ್ಟ್ರಾ? ಕುಯ್ದ್‌ಬುಟ್ಟಾರಾ ಮಗ?" ಎಂದು ಅತ್ತೆ ದಾರಿಯುದ್ದಕ್ಕೂ ಕೇಳಿದರು. ಪ್ರತಿ ಸಲವೂ ಇಲ್ಲ ಎಂದು ಧೈರ್ಯ ಹೇಳಿದೆ.

ಡಾಕ್ಟರು ನಾಗಶ್ರೀ ಅಂತ. ಅತ್ತೆಯ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಾಗ ಅತ್ತೆ ನಾಚಿ ಕಾಲು ಎಳೆದುಕೊಳ್ಳಲು ನೋಡಿದರು. ಡಾಕ್ಟರು ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡಿದರು. ಸಣ್ಣ ಯಂತ್ರವಿಟ್ಟು ಕಾಲಿನ ನಾಡಿಯ ಸದ್ದು ಕೇಳಿಸಿಕೊಂಡರು. ಆಮೇಲೆ ಮೀನಿನ ಗಾಳದ ದಾರದಂಥ ಎಳೆಯೊಂದನ್ನು ಹಿಡಿದು, "ಕಣ್ಣು ಮುಚ್ಚಿ ಅಮ್ಮ. ತಾಗಿದಾಗ ಹೂಂ ಅನ್ನಿ," ಎಂದರು.

ಮೀನಖಂಡಕ್ಕೆ ತಾಗಿಸಿದಾಗ ಅತ್ತೆ ಹೂಂ ಎಂದರು. ಡಾಕ್ಟರು ಅಂಗಾಲಿಗೆ ತಾಗಿಸುತ್ತಲೇ ಹೋದರು, ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, "ಯಾಕವ್ವ, ಇನ್ನೂ ಸುರು ಮಾಡ್ನಿಲ್ವಾ?" ಎಂದರು. ಪಾದಕ್ಕೆ ಸ್ಪರ್ಶವೇ ಸತ್ತಿದೆಯೆಂದು ತಿಳಿದು ನನಗೆ ತಲೆ ತಗ್ಗಿಸುವಂತಾಯಿತು.

ಡಾಕ್ಟರು ಬ್ಲೇಡಿನಲ್ಲಿ ದಡ್ಡುಗಟ್ಟಿದ ಚರ್ಮವನ್ನು ಹೆರೆದಾಗ ಒಳಗಿಂದ ಜಾಲಿಮುಳ್ಳು ಬಂತು. ಯಾವಾಗ ಚುಚ್ಚಿತ್ತೋ ಅತ್ತೆಗೇ ತಿಳಿಯದು. ಗಾಯ ತೊಳೆದು ಪಟ್ಟಿ ಕಟ್ಟಿ ಡಾಕ್ಟರು ಹೇಳಿದರು, "ಮನೆ ಒಳಗೂ ಮೆತ್ತನೆ ಚಪ್ಪಲಿ ಹಾಕಬೇಕು. ಇನ್ನೊಂದು ಗಾಯವಾದರೆ ಬೆರಳು ಉಳಿಸೋದು ಕಷ್ಟ."

"ನನ್ ಅರಕೆ ತೀರ್ಲಿ ಕಣವ್ವ, ಆಮೇಲೆ ಆಕತೀನಿ," ಎಂದರು ಅತ್ತೆ. ಡಾಕ್ಟರು ಎಷ್ಟು ಹೇಳಿದರೂ ಜಗ್ಗಲಿಲ್ಲ.

ಆಗಲಾದರೂ ನಿಜ ಹೇಳಬಹುದಿತ್ತು. ನಾನು ಹೇಳಿದ್ದು ಇದು: "ನಿಮ್ಮ ಹರಕೆ ತೀರ್ತು ಕಣತ್ತೆ. ಈ ತಿಂಗಳು ನಾನು ಹೊರಗಾಗಿಲ್ಲ."

ಅತ್ತೆ ಕುಳಿತಲ್ಲೇ ಬೆಟ್ಟದ ದಿಕ್ಕಿಗೆ ಕೈ ಮುಗಿದರು. ಚಪ್ಪಲಿ ಅಂಗಡಿಯಲ್ಲಿ ತಾವೇ ಕಾಲು ಮುಂದೆ ಚಾಚಿದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟು, ಗಾಳಿಗೆ ಕೂತ್ಕೊ ಎಂದರು. ಥೂ, ನನ್ನ ಜನ್ಮಕ್ಕಿಷ್ಟು ಎನಿಸಿತು. ಆದರೂ ಕಾಲು ಉಳಿಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಯಳಂದೂರು ಹತ್ತಿರವಾದಾಗ ಅತ್ತೆ ನನ್ನ ಕಿವಿಯ ಬಳಿ ಬಾಗಿದರು. "ಮಗ, ಈಗ್ತಾನೆ ಮಾದಪ್ಪುಂಗೆ ಇನ್ನೊಂದ್ ಏಳ್ಕಂಡೆ. ಎರ್ಗೆ ಸುಸೂತ್ರವಾಗಿ ಆಗ್ಲಿ, ಅನೂರಿಂದ ಬೆಟ್ಟುಕ್ಕೆ ಬರಿಗಾಲಲ್ಲೇ ನಡ್ಕಂಡ್ ಬತ್ತೀನಿ ಅಂತ."

ಹನೂರಿಂದ ಬೆಟ್ಟಕ್ಕೆ ದೂರದ ಕಾಡುದಾರಿ, ಅದೂ ಆ ಕಾಲಲ್ಲಿ. ಇನ್ನು ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ, ಮಾತ್ರೆಯನ್ನೂ, ಇವತ್ತಿನ ಸುಳ್ಳನ್ನೂ.

ಅತ್ತೆ ನನ್ನಿಂದ ಹಿಂದೆ ಸರಿದು ಕೂತರು. "ಶಾಂತುಂಗೆ ಗೊತ್ತಾ?" ಎಂದರು.

"ಗೊತ್ತು."

"ಅಂಗಾರೆ ಗೊತ್ತಿಲ್ದೋಳು ನಾನೊಬ್ಳೇ."

ಅಷ್ಟಂದು ಬಾಗಿ ಚಪ್ಪಲಿಯ ಪಟ್ಟಿಗೆ ಕೈ ಹಾಕಿದರು. ನಾನು ಸೀಟಿನಿಂದ ಕೆಳಗೆ ಕುಸಿದು ಅವರ ಪಾದವನ್ನು ಚಪ್ಪಲಿಯ ಸಮೇತ ಎರಡೂ ಕೈಯಲ್ಲಿ ಅದುಮಿ ಹಿಡಿದೆ. ಬಸ್ಸಿನವರೆಲ್ಲ ನೋಡುತ್ತಿದ್ದರು. "ಬುಡು ಕಾಲ," ಎಂದು ಅತ್ತೆ ಮುಖ ಆಚೆಗೆ ತಿರುಗಿಸಿದರು. ನಾನು ಬಿಡಲಿಲ್ಲ.

ಹೊನ್ನೂರು ಬರುವ ಹೊತ್ತಿಗೆ, ಮುಖ ತಿರುಗಿಸದೆಯೇ ಕೇಳಿದರು, "ಬುಟ್ಯಾ ಮಗ?"

"ಇಲ್ಲ ಅತ್ತೆ," ಎಂದೆ. "ಹಿಡ್ಕೊಂಡೇ ಇದ್ದೀನಿ."