ಗ್ಯಾವಿನ್ ಹೇಳದ ಸುಳ್ಳು

ಪ್ರಭಾವತಿ ಮದುವೆಯಾಗಿ ಬೈಲಹೊಂಗಲದಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದವಳು. ಗಂಡ ಆಸ್ಪತ್ರೆಯಲ್ಲಿ ಡಾಕ್ಟರ್. ಅವಳು ಪ್ರೊಬೇಷನ್ ಆಫೀಸರ್. ತಪ್ಪು ಸಾಬೀತಾದರೂ ಕೋರ್ಟು ಜೈಲಿಗೆ ಕಳಿಸದೆ ಬಿಟ್ಟವರು ವಾರವಾರ ಬಂದು ಅವಳೆದುರು ಕೂರುತ್ತಾರೆ. ಕುಡಿತ ಬಿಟ್ಟರಾ, ಕೆಲಸ ಸಿಕ್ಕಿತಾ, ಮನೆಯಲ್ಲಿ ಜಗಳವಿಲ್ಲ ತಾನೆ ಎಂದು ವಿಚಾರಿಸುವುದು ಅವಳ ಕೆಲಸ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಕೆಲಸ ಬಿಟ್ಟಿದ್ದರು. ಅವರು ನೋಡಿಕೊಳ್ಳುತ್ತಿದ್ದವರೆಲ್ಲ ಈಗ ಅವಳ ಪಾಲಿಗೆ ಬಂದಿದ್ದರು. ಈಚೆಗೆ ಎದುರು ಕೂತವರ ಮಾತು ಅವಳಿಗೆ ಅರ್ಧ ಕೇಳಿಸಿದರೆ ಅರ್ಧ ಕೇಳಿಸುತ್ತಿರಲಿಲ್ಲ.

ಅವರಲ್ಲೊಬ್ಬ ಗ್ಯಾವಿನ್, ಲಾರಿ ಓಡಿಸುತ್ತಿದ್ದವನು. ಕುಡಿದು ಪಬ್ಬಿನ ಮುಂದೆ ಯಾರದೋ ಹಲ್ಲು ಮುರಿದಿದ್ದ. ಪ್ರತಿ ಮಂಗಳವಾರ ಅವಳಲ್ಲಿಗೆ ಬರಬೇಕಿದ್ದವನು ಒಂದು ವಾರ ತಪ್ಪಿಸಿ, ತಾಯಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ, ಎಚ್ಚರಿಕೆ ಪಡೆದಿದ್ದ. ಈಗ ಮತ್ತೊಂದು ಮಂಗಳವಾರವೂ ಬರಲಿಲ್ಲ. ತಕ್ಕ ಕಾರಣವಿಲ್ಲದೆ ಎರಡನೆಯ ಸಲ ತಪ್ಪಿಸಿದರೆ ಮತ್ತೆ ಕೋರ್ಟಿಗೆ. ಅಲ್ಲಿಂದ ಜೈಲಿಗೂ ಹೋಗಬಹುದು.

ಆ ಸಂಜೆ ಊಟಕ್ಕೆ ಕೂತಾಗ, ಹತ್ತಿರದ ಲಫ್‌ಬರೋ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಮಗಳು ನಿವೇದಿತಾ ತನ್ನ ಪ್ರಬಂಧದ ವಿಷಯ ತೆಗೆದಳು.

"ಮಮ್ಮಿ, ನಿನ್ನ ಜಾಬ್ ಶುರುವಾಗಿದ್ದು ಅಮೆರಿಕಾದಾಗ, ಗೊತ್ತದನ? ಬಾಸ್ಟನ್‌ನಾಗ ಒಬ್ಬ ಶೂಮೇಕರ್ ಕೋರ್ಟಿಗೆ ಹೋಗಿ, ಈ ಕುಡುಕನ್ನ ಜೈಲಿಗೆ ಹಾಕಬ್ಯಾಡ್ರಿ, ನಾ ನೋಡ್ಕೋತೀನಿ ಅಂದ. ಕೆಲವು ವಾರ ಬಿಟ್ಟು ಕರಕೊಂಡು ಬಂದ್ರ ಹಿ ವಾಸ್ ಸೋಬರ್! ಆಮ್ಯಾಲೆ ಅಲ್ಲಿ ಕಾನೂನಾತು, ಇಲ್ಲೂ ಬಂತು. ಪನಿಶ್ ಮಾಡೋದಲ್ಲ, ಮನುಷ್ಯಾನ್ನ ಉಳಿಸ್ಕೊಳ್ಳೋದು. ದಟ್ಸ್ ದ ಪಾಯಿಂಟ್."

"ಅಂವಗ ಮ್ಯಾನೇಜರ್ ಇದ್ನೇನು?"

"ನೋ, ಮಮ್ಮಿ."

"ಅದಕ್ಕ ಮತ್ತ. ಊಟಾ ಮಾಡು, ಆರತದ," ಎಂದಳು ಪ್ರಭಾವತಿ. ಮಗಳ ಉತ್ಸಾಹಕ್ಕೆ ಸಾಟಿಯಾಗುವ ಶಕ್ತಿ ಅವಳಲ್ಲಿರಲಿಲ್ಲ.

ಮರುದಿನ ಗ್ಯಾವಿನ್ ಫೋನ್ ಎತ್ತದಿದ್ದಾಗ ಅವಳೇ ಅವನ ಫ್ಲ್ಯಾಟಿಗೆ ಹೋದಳು. ಮಧ್ಯಾಹ್ನವಾದರೂ ಪರದೆ ಸರಿಸಿರಲಿಲ್ಲ. ಅವನಿಂದ ಕುಡಿತದ ವಾಸನೆ ಮಾತ್ರ ಬರಲಿಲ್ಲ.

"ನಿನ್ನೆ ಯಾಕೆ ಬರಲಿಲ್ಲ?"

"ಆಗಲಿಲ್ಲ."

"ಜ್ವರ ಇತ್ತಾ? ನಿಮ್ಮ ಡಾಕ್ಟರು, ಜಿಪಿ ಹತ್ರ ಹೋಗಿದ್ರಾ?"

"ಜ್ವರ ಏನಿಲ್ಲ. ಎದ್ದು ಶೂ ಹಾಕ್ಕೊಂಡೆ. ಹಾಗೇ ಮಂಚದ ಮೇಲೆ ಕೂತುಬಿಟ್ಟೆ, ಸಂಜೆ ಆಯ್ತು. ಹೋದ ಸಲ ನಿಮ್ಮ ಹತ್ರ ಸುಳ್ಳು ಹೇಳಿದ್ದೆ, ಪ್ರಭಾ. ಈ ಸಲ ಹೇಳೋಲ್ಲ."

ಆಫೀಸಿನ ಕಾರ್ ಪಾರ್ಕಿನಲ್ಲಿ ಎಂಜಿನ್ ಆರಿಸಿ, ಇಳಿಯಲು ಮನಸ್ಸಾಗದೆ ಅವಳೂ ಎಷ್ಟೋ ಬೆಳಿಗ್ಗೆ ಕೂತಿದ್ದಳು. ವರದಿಯಲ್ಲಿ ಅವನಿಗೆ ಹೊಟ್ಟೆನೋವಿತ್ತೆಂದು ಬರೆದರೆ ಮುಗಿದುಹೋಗುತ್ತಿತ್ತು. ಆದರೆ ಅವನು ಸುಳ್ಳು ಬೇಡವೆಂದ ಮೇಲೆ ತಾನೊಂದು ಸೇರಿಸಲು ಅವಳಿಗೆ ಕೈ ಬರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಬರೆದಳು. ಮ್ಯಾನೇಜರ್ ಓದಿ, "ಇದು ಕಾರಣ ಅಲ್ಲ. ಕೋರ್ಟಿಗೆ ಕಳಿಸಿ," ಎಂದರು.

ವಿಚಾರಣೆಯ ದಿನ ಬೇರೆಯವರನ್ನು ಕಳಿಸಬಹುದಿತ್ತು, ಅವಳೇ ಹೋದಳು.

"ಇವರು ತಪ್ಪಿಸಿದ್ದು ನಿಜ," ಎಂದಳು ಮ್ಯಾಜಿಸ್ಟ್ರೇಟರಿಗೆ. "ಆದರೆ ಆ ದಿನ ಕುಡಿಯಲಿಲ್ಲ, ಸುಳ್ಳು ಕಾರಣಾನೂ ಕಟ್ಟಲಿಲ್ಲ. ಜೈಲಿಗೆ ಹಾಕಿದ್ರೆ ಇರೋ ಮನೆಯೂ ಹೋಗುತ್ತೆ. ನನ್ನ ಹತ್ರಾನೇ ಬಿಡಿ."

ಶಿಕ್ಷೆಯ ಭಾಗವಾಗಿ ಅವನು ಸಂಬಳವಿಲ್ಲದೆ ಮಾಡುತ್ತಿದ್ದ ಕಾಲುವೆ ದಂಡೆಯ ಕಸ ತೆಗೆಯುವ ಕೆಲಸವನ್ನು ಇನ್ನಷ್ಟು ದಿನ ಮಾಡಬೇಕೆಂದು ಹೇಳಿ ಅವನನ್ನು ಬಿಟ್ಟರು.

ಹೊರಗೆ ಬಂದಾಗ ಗ್ಯಾವಿನ್ ಸಿಟ್ಟಿನಲ್ಲಿದ್ದ. "ನೀವು ಹುಷಾರಿರಲಿಲ್ಲ ಅಂತ ಬರೆದಿದ್ರೆ ಇದೆಲ್ಲ ಬೇಕಿತ್ತಾ?"

"ಬೇಕಿರಲಿಲ್ಲ," ಎಂದಳು ಪ್ರಭಾವತಿ. ಅವನು ಹಿಂತಿರುಗಿ ನೋಡದೆ ಬಸ್ ಸ್ಟಾಪಿನತ್ತ ನಡೆದ.

ಮುಂದಿನ ಮಂಗಳವಾರ ಬಂದ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಹೋದ. ಅದರ ಮುಂದಿನ ವಾರ, ಅವಳಿನ್ನೂ ಕೋಟು ಬಿಚ್ಚುತ್ತಿರುವಾಗಲೇ ಫೋನ್ ಬಂತು.

"ಪ್ರಭಾ, ಇವತ್ತೂ ಹಾಗೇ ಆಗಿದೆ. ಮಂಚದ ಮೇಲೇ ಕೂತಿದೀನಿ."

"ಫೋನ್ ಮಾಡಿದ್ದು ಒಳ್ಳೇದಾಯ್ತು," ಎಂದು ಅವಳು ಕುರ್ಚಿ ಎಳೆದುಕೊಂಡಳು. "ಈಗಲೇ ಜಿಪಿಗೆ ಫೋನ್ ಮಾಡಿ. ನನಗೆ ಹೇಳಿದ್ದನ್ನೇ ಅವರಿಗೂ ಹೇಳಿ. ಆಮೇಲೆ ನಾನೇ ಅಲ್ಲಿಗೆ ಬರ್ತೀನಿ."