ತಾಯಿ ಕೊಟ್ಟ ಬಯಲು

ಲೇಯೆ ನದಿಯ ದಂಡೆಯ ಆ ಬಯಲಿನಲ್ಲಿ ಹುಲ್ಲು ಚಿಗುರಿತೆಂದರೆ ಬಟ್ಟೆ ಹಾಸುವ ಕೆಲಸ ಶುರುವಾಗುತ್ತಿತ್ತು. ನೇಕಾರರು ತಂದುಕೊಟ್ಟ ಕಂದುಬಣ್ಣದ ನಾರುಬಟ್ಟೆಯನ್ನು ಬೂದಿನೀರಿನಲ್ಲಿ ಬೇಯಿಸಿ, ಹುಳಿಮಜ್ಜಿಗೆಯಲ್ಲಿ ನೆನೆಹಾಕಿ, ಹುಲ್ಲಿನ ಮೇಲೆ ಹರಡಿ, ಬಿಸಿಲೇರಿದಂತೆಲ್ಲ ನೀರು ಚಿಮುಕಿಸುತ್ತ ಹೋದರೆ ಬೇಸಿಗೆ ಮುಗಿಯುವ ಹೊತ್ತಿಗೆ ಅದು ಬೆಳ್ಳಗಾಗುತ್ತಿತ್ತು. ಈ ಕೆಲಸ ಗೋಡ್ಲೀವಳಿಗೆ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ತನಗೆ ಎಂಬಂತೆ ಬಂದಿತ್ತು. ಬಯಲೂ ಹಾಗೆಯೇ ಬಂದದ್ದು. ಆದರೆ ಅವಳ ಮದುವೆಯಾದ ಹದಿನೆಂಟು ವರ್ಷಗಳಿಂದ ಊರಿನವರು ಅದನ್ನು ಅವಳ ಗಂಡ ಯಾಸ್ಪರನ ಬಯಲು ಎಂದೇ ಕರೆಯುತ್ತಿದ್ದರು.

ರೂಢಿಯೇ ಹಾಗಿತ್ತು. ಹೆಂಡತಿಯ ಸ್ವತ್ತಿಗೆ ಗಂಡನೇ ಯಜಮಾನ. ನ್ಯಾಯಸ್ಥಾನದಲ್ಲಿ ಹೆಂಗಸಿಗೆ ಬಾಯಿಲ್ಲ. ಅವಳ ಪರವಾಗಿ ಮನೆಯ ಗಂಡಸೊಬ್ಬ ಮಾತಾಡಬೇಕು. ಗಂಡ ಒಳ್ಳೆಯವನಾಗಿದ್ದರೆ ಇಂಥ ರೂಢಿಯ ಕೇಡು ಕಣ್ಣಿಗೆ ಬೀಳುವುದಿಲ್ಲ, ಮತ್ತು ಯಾಸ್ಪರ್ ಒಳ್ಳೆಯವನೇ. ಅವನ ತಂದೆ ಲೀವನ್ ವಯಸ್ಸಾಗಿ ಮಗ್ಗ ಬಿಟ್ಟವನು. ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು, ಬಂದುಹೋಗುವ ವ್ಯಾಪಾರಿಗಳಿಗೆಲ್ಲ "ಎಲ್ಲಾ ನಮ್ಮ ಹುಡುಗಂದೇ" ಎಂದು ಬಯಲಿನತ್ತ ಕೈ ತೋರುತ್ತಿದ್ದ. ಗೋಡ್ಲೀವ ಅದನ್ನು ಕೇಳುತ್ತಲೇ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು.

ಆ ವರ್ಷ ದಕ್ಷಿಣದಿಂದ ರಾಜನ ಸೈನ್ಯ ಬಂತು. ಯಾಸ್ಪರ್ ಬಟ್ಟೆಯ ಸುರುಳಿಗಳಲ್ಲಿ ಬಂಡುಕೋರರ ಕಾಗದಗಳನ್ನು ಅಡಗಿಸಿ ಊರಿಂದೂರಿಗೆ ಸಾಗಿಸಿದ್ದ. ಒಂದು ಮಧ್ಯಾಹ್ನ ಮನೆಮಂದಿ ರೈ ಧಾನ್ಯದ ರೊಟ್ಟಿ, ಉಪ್ಪುಮೀನು ಮುಂದಿಟ್ಟುಕೊಂಡು ಕುಳಿತಿದ್ದಾಗ ಅವನನ್ನು ಎಳೆದೊಯ್ದರು. ಆರು ವಾರಗಳಲ್ಲಿ ತೀರ್ಪಾಯಿತು: ರಾಜದ್ರೋಹ. ತಲೆ ತೆಗೆಯುವುದು, ಸ್ವತ್ತೆಲ್ಲ ರಾಜನಿಗೆ. ಮನೆಗೂ ಮಗ್ಗಗಳಿಗೂ ಅರಗಿನ ಮುದ್ರೆ ಬಿತ್ತು. ಬಯಲಿನ ಮೂಲೆಯಲ್ಲಿ ರಾಜಚಿಹ್ನೆಯ ಗೂಟ ನೆಟ್ಟರು.

ಆಗ ಕುಂಟುಕಾಲಿನ ಮುದುಕ ಪೌವೆಲ್ಸ್ ಬಂದ. ಆ ಊರಿನ ಮದುವೆಪತ್ರಗಳನ್ನೆಲ್ಲ ಒಂದು ಕಾಲಕ್ಕೆ ಬರೆದವನು ಅವನೇ. ಗೋಡ್ಲೀವಳ ತಾಯಿ ಹಟ ಹಿಡಿದು ಪತ್ರದಲ್ಲಿ ಒಂದು ಸಾಲು ಬರೆಸಿದ್ದಳೆಂದು ಅವನು ನೆನಪಿಸಿದ: ಬಯಲು ಮಗಳದ್ದು, ಅಳಿಯನದ್ದಲ್ಲ. ಊರಿನ ದಫ್ತರದಲ್ಲಿದ್ದ ಪ್ರತಿ ಎರಡು ವರ್ಷದ ಹಿಂದಿನ ಗಲಭೆಯಲ್ಲಿ ಸುಟ್ಟುಹೋಗಿತ್ತು. ಉಳಿದ ಒಂದು ಪ್ರತಿ ಲೀವನ್ ಬಳಿ ಇತ್ತು. ಸೊಸೆ ಕೇಳಿದಾಗ ಅವನು ಅಂಥದ್ದೊಂದು ಪತ್ರವೇ ಇಲ್ಲವೆಂದುಬಿಟ್ಟ.

"ಇದೆ ಕಣಯ್ಯ," ಅಂದ ಪೌವೆಲ್ಸ್. "ಸಾಕ್ಷಿ ಗುರುತು ಹಾಕಿದೋನು ನೀನೇ."

"ಇದ್ರೇನೀಗ? ನನ್ನ ಮಗ ಹೆಂಡ್ತಿ ರೊಟ್ಟಿ ತಿಂದು ಬದುಕ್ದ ಅಂತ ಊರೆದುರು ಓದಿಸ್ಲಾ? ತಲೆಯಂತೂ ಹೋಗ್ತಿದೆ, ಮರ್ಯಾದೆಯಾದ್ರೂ ಇರ್ಲಿ. ಗಂಡನ ಜೊತೆ ಹೆಂಡ್ತಿದೂ ಹೋಗುತ್ತೆ. ನಮ್ಮಪ್ಪನ ಕಾಲದಿಂದ ನಡೆದದ್ದೇ ಹಾಗೆ."

"ಕಾಗದ ಸಾಗ್ಸಿದ್ದು ಇವಳೇನು? ಇವಳಮ್ಮನೇನು? ಸತ್ತು ಮಣ್ಣಾದ ಹೆಂಗಸಿನ ಆಸ್ತಿ ಯಾವ ತಪ್ಪಿಗೆ ಹೋಗ್ಬೇಕು, ಹೇಳು ನೋಡೋಣ."

ಲೀವನ್ ಎದ್ದು ಹೊರಟುಹೋದ.

ಗೋಡ್ಲೀವ ಸೆರೆಮನೆಗೆ ಹೋದಳು. ಯಾಸ್ಪರ್ ಸೊರಗಿದ್ದ. ಆದರೆ ದನಿ ಸಮಾಧಾನದಿಂದಿತ್ತು. ಅವಳು ಎಲ್ಲ ಹೇಳಿ ಮುಗಿಸುವವರೆಗೆ ಅವಳ ಬೆರಳುಗಳನ್ನು ಹಿಡಿದುಕೊಂಡಿದ್ದ.

"ಬಯಲು ನಿಂದು ಅಂತ ನಾನು ಯಾರಿಗೂ ಹೇಳ್ಲೇ ಇಲ್ಲ, ಗೋಡ್ಲೀವ. ನಂದು ಅಂತ ಜನ ಅಂದಾಗ ಕೇಳೋಕೆ ಹಿತವಾಗಿತ್ತು, ಸುಮ್ನಿದ್ದುಬಿಟ್ಟೆ."

"ಈಗ ಹೇಳಿ."

"ಶಿಕ್ಷೆ ಆದೋನ ಮಾತಿಗೆ ಬೆಲೆ ಇಲ್ಲ. ಅಪ್ಪನೇ ಹೇಳ್ಬೇಕು. ನಾನು ಬೇಡ್ಕೊಂಡೆ ಅನ್ನು."

ಅವಳು ಹಿಂದಿರುಗಿ ಮಾವನಿಗೆ ಆ ಮಾತನ್ನು ಹಾಗೆಯೇ ಮುಟ್ಟಿಸಿದಳು. ಅವನು ಮುಖ ತಿರುಗಿಸಿದ. ಜಪ್ತಿಯ ಮೇಲಿನ ತಕರಾರುಗಳ ವಿಚಾರಣೆಯ ದಿನ ಅವಳು ಒಬ್ಬಳೇ ಹೊರಟಳು.

ಜಪ್ತಿಯ ಅಧಿಕಾರಿ ಕ್ರೂರಿಯೇನಲ್ಲ, ದಣಿದ ಮನುಷ್ಯ. ನಿನ್ನ ಪರ ಮಾತಾಡುವ ಗಂಡಸೆಲ್ಲಿ ಎಂದು ಕೇಳಿದ.

"ಅವ್ರನ್ನ ನೀವೇ ಕಟ್ಟಿಹಾಕಿದೀರಿ, ಸ್ವಾಮಿ. ಅದಕ್ಕೆ ನಾನೇ ಬಂದೆ," ಅಂದಳು.

ಹೆಂಗಸಿನ ಮಾತು ಕೇಳುವಂತಿಲ್ಲವೆಂದು ಅವನು ಕಡತ ಮುಚ್ಚುತ್ತಿದ್ದ. ಅಷ್ಟರಲ್ಲಿ ಬಾಗಿಲ ಬಳಿ ಜನ ಸರಿದರು. ಲೀವನ್ ಅಂಗಿಯೊಳಗಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟ. ಅವನಿಗೆ ಓದು ಬಾರದು. ಆದರೆ ಆ ಒಂದು ಸಾಲು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಅದರ ಮೇಲೆ ಬೆರಳಿಟ್ಟ.

"ಬಯಲು ನನ್ನ ಸೊಸೇದು. ಮಗಂದು ಅಂತ ಹದಿನೆಂಟು ವರ್ಷ ಸುಳ್ಳು ಹೇಳಿದೋನು ನಾನು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮುದುಕ ತಲೆ ತಗ್ಗಿಸಲಿಲ್ಲ.

ಗೂಟ ಕಿತ್ತರು. ಮನೆ, ಮಗ್ಗಗಳು ಹೋದವು. ಎಂಟನೆಯ ದಿನ ಸಂತೆಚೌಕದಲ್ಲಿ ಯಾಸ್ಪರನ ತಲೆ ಬಿತ್ತು. ಗೋಡ್ಲೀವ ಕೊನೆಯವರೆಗೂ ಅವನಿಗೆ ಕಾಣುವಂತೆ ಎದುರಿಗೇ ನಿಂತಿದ್ದಳು. ಆಮೇಲೆ ಮಾವನನ್ನೂ ತನ್ನೆಕೆ ಎಂಬ ಹರೆಯದ ಮಗಳನ್ನೂ ಕರೆದುಕೊಂಡು ಬಯಲಿನ ಅಂಚಿನಲ್ಲಿದ್ದ ಬಟ್ಟೆ ಬೇಯಿಸುವ ಕೊಟ್ಟಿಗೆಯಲ್ಲಿ ಸಂಸಾರ ಹೂಡಿದಳು. ಆ ನದಿಯುದ್ದಕ್ಕೂ ಇದೇ ಗತಿ ಕಂಡ ಹೆಂಗಸರು ಇನ್ನೂ ಹಲವರಿದ್ದರು. ಅವರ ತಾಯಂದಿರು ಆ ಒಂದು ಸಾಲು ಬರೆಸಿರಲಿಲ್ಲ. ತಮ್ಮದೇ ಹುಲ್ಲಿನ ಮೇಲೆ ಅವರು ಈಗ ಕೂಲಿಗೆ ಬಟ್ಟೆ ಹಾಸುತ್ತಿದ್ದರು. ಅವರು ಮಾಡಿದ ದ್ರೋಹ ಯಾವುದೆಂದು ಯಾರೂ ಅವರಿಗೆ ಹೇಳಲಿಲ್ಲ.

ಎರಡು ವರ್ಷ ಕಳೆಯಿತು. ತನ್ನೆಕೆ ಪೌವೆಲ್ಸನ ಬಳಿ ಅಕ್ಷರ ಕಲಿತಳು. ಗಿರಣಿಯವನ ಮಗನಿಗೂ ಅವಳಿಗೂ ಮನಸ್ಸು ಕೂಡಿ, ಹುಡುಗನ ತಂದೆ ಮಾತುಕತೆಗೆ ಬಂದ. ಬಿಯರ್ ಕುಡಿದು, ಹವೆಯ ಮಾತಾಡಿ, ಬಯಲು ಹೇಗೂ ಹುಡುಗನ ಕೈಗೇ ಬರುತ್ತದಲ್ಲ, ಪತ್ರಗಿತ್ರ ಯಾಕೆ, ನಮ್ಮ ಮೇಲೆ ನಂಬಿಕೆಯಿಲ್ಲವೇ ಎಂದು ನಗುನಗುತ್ತಲೇ ಕೇಳಿದ.

ಗೋಡ್ಲೀವ ಬಾಯಿ ತೆರೆಯುವ ಮೊದಲೇ ಲೀವನ್ ಮಾತಾಡಿದ.

"ನಂಬಿಕೆ ಇದೆ. ನನ್ನ ಮಗನ ಮೇಲೂ ಇತ್ತು. ಬಯಲು ಹುಡುಗೀದು ಅಂತ ಬರೀಬೇಕು, ಚರ್ಚಿನ ಬಾಗಿಲಲ್ಲಿ ಎಲ್ರಿಗೂ ಕೇಳೋ ಹಾಗೆ ಓದ್ಬೇಕು. ಆಗೋದಿಲ್ಲ ಅಂದ್ರೆ, ನಿಮ್ಮ ಟೋಪಿ ಅಗೋ ಅಲ್ಲಿದೆ."

ಗಿರಣಿಯವನು ಟೋಪಿಯತ್ತ ನೋಡಿದ. ಹೋಗಿ ಕೈಗೆತ್ತಿಕೊಂಡ. ತಲೆಗಿಡದೆ ಅದನ್ನು ಅತ್ತಿತ್ತ ತಿರುಗಿಸುತ್ತ ಮತ್ತೆ ಬಂದು ಕುಳಿತ.

"ಆಯ್ತಪ್ಪ. ಓದೋರು ಯಾರು?"

"ನಾನು," ಅಂದಳು ತನ್ನೆಕೆ.