ನಲವತ್ತು ಪರ್ಸೆಂಟ್

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ, ಕಾಲುವೆ ದಾಟಿದೊಡನೆ ಮೆಹಬೂಬನ ತಗಡಿನ ಗ್ಯಾರೇಜು. ಪಾನಾ, ಸ್ಕ್ರೂಡ್ರೈವರು ಹಿಡಿಯುವವರು ಊರಲ್ಲಿ ಬೇಕಾದಷ್ಟು ಜನ. ಲ್ಯಾಪ್‌ಟಾಪ್ ಹಿಡಿದು ಗಾಡಿ ರಿಪೇರಿ ಮಾಡುವವನು ಇವನೊಬ್ಬನೇ. ಅದರ ಜಂಬವೂ ಇತ್ತೆನ್ನಿ. ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿ, ಇಂಜಿನ್ನಿನ ಕಂಪ್ಯೂಟರಿನಲ್ಲಿ ಕಂಪನಿಯವರು ಬರೆದಿಟ್ಟದ್ದನ್ನು ತೆಗೆದು ತನ್ನ ಫೈಲು ತುಂಬಿದನೆಂದರೆ, ಭತ್ತದ ಚೀಲ ಹೊತ್ತು ಏದುಸಿರು ಬಿಡುತ್ತಿದ್ದ ಪಿಕಪ್ ಗಾಡಿ ಏರಿನಲ್ಲೂ ಓಡುತ್ತಿತ್ತು. ಕಾಲುವೆ ನೀರು ಬಂದು ಎರಡು ಬೆಳೆಯಾದಾಗಿನಿಂದ ಈ ಕಡೆ ಎಲ್ಲರಿಗೂ ಅವಸರ.

ಮೆಹಬೂಬನ ದೋಸ್ತ, ವನದುರ್ಗದ ಹುಲಗಪ್ಪನೂ ಬೇಸಿಗೆ ಭತ್ತದ ಹೊತ್ತಿಗೆ ತನ್ನ ಪಿಕಪ್ಪಿಗೆ ಫೈಲು ಹಾಕಿಸಿದ. ಅಂದು ಹೆಂಡತಿ ಮರಿಲಿಂಗಮ್ಮ ಜೊತೆಗೆ ಬಂದಿದ್ದಳು. ಗಾಲಿಗೆ ನಿಂಬೆಹಣ್ಣು ಇಟ್ಟವಳೂ ಅವಳೇ.

"ಇನ್ನ ಇದು ವಿಮಾನ ನೋಡು ತಂಗಿ," ಎಂದಿದ್ದ ಮೆಹಬೂಬ.

ಒಂದು ಮಾತು ಮಾತ್ರ ಹೇಳಲಿಲ್ಲ. ಆ ಫೈಲು ಸುರಪುರದ ಹಳೆಯ ಗಾಡಿಯೊಂದರಿಂದ ನಕಲು ಮಾಡಿದ್ದು. ಹುಲಗಪ್ಪನ ಗಾಡಿಯಲ್ಲಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಹೊಸ ಟರ್ಬೊಗೆ ಅದು ಪೂರ್ತಿ ಹೊಂದುತ್ತಿರಲಿಲ್ಲ. ಎಂದೋ ಒಮ್ಮೆ ಒತ್ತಡ ಮಿತಿ ಮೀರಿದರೆ ಕಂಪ್ಯೂಟರು ಇಂಜಿನ್ನಿನ ಶಕ್ತಿಯನ್ನೇ ಕಟ್ಟಿಹಾಕುತ್ತಿತ್ತು; ಗಾಡಿ ತಾಸಿಗೆ ಇಪ್ಪತ್ತು ಕಿಲೋಮೀಟರಿನ ಮೇಲೆ ಓಡುತ್ತಿರಲಿಲ್ಲ. ಚಾವಿ ತೆಗೆದು, ಅರ್ಧ ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತಿತ್ತು. ಶಿರವಾಳದ ಗಿರಾಕಿಯೊಬ್ಬನಿಗೆ ಹೀಗೇ ಆಗಿತ್ತು, ಮೆಹಬೂಬನಿಗೆ ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟರೆ ತನ್ನ ಫೈಲು ಕುಂಟು ಎಂದು ಒಪ್ಪಿಕೊಂಡಂತಲ್ಲವೇ?

ಮಳೆಗಾಲದ ಭತ್ತದಲ್ಲಿ ಕಳೆ ತೆಗೆಯುವಾಗ ಮರಿಲಿಂಗಮ್ಮನಿಗೆ ಹಾವು ಕಚ್ಚಿತು. ಹುಲಗಪ್ಪ ಅವಳನ್ನೂ ಜೊತೆಗಿದ್ದ ಅವಳ ತಾಯಿಯನ್ನೂ ಗಾಡಿಗೆ ಹತ್ತಿಸಿಕೊಂಡು ಶಹಾಪುರದ ದವಾಖಾನೆಗೆ ಹೊರಟ. ಕಾಲುವೆಯ ಏರಿನಲ್ಲಿ ಸ್ಟೇರಿಂಗಿನ ಮುಂದೆ ಹಳದಿ ದೀಪ ಹತ್ತಿತು, ಗಾಡಿ ತೆವಳತೊಡಗಿತು. ಬಂದ್ ಮಾಡಿದರೆ ಮತ್ತೆ ಚಾಲೂ ಆಗದೆಂಬ ಹೆದರಿಕೆಗೆ ಅವನು ಚಾವಿ ಮುಟ್ಟಲಿಲ್ಲ. ಅರ್ಧ ತಾಸಿನ ದಾರಿಗೆ ಒಂದೂವರೆ ತಾಸು ಹಿಡಿಯಿತು. ದವಾಖಾನೆಯ ಗೇಟು ಕಾಣುವ ಹೊತ್ತಿಗೆ ಅವಳ ಜೀವ ಹೋಗಿತ್ತು.

ಹದಿನೈದು ದಿನದ ಮೇಲೆ ಹುಲಗಪ್ಪ ಅದೇ ಗಾಡಿ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಅವನ ಹಿಂದೆಯೇ ಅತ್ತೆ, ಮರಿಲಿಂಗಮ್ಮನ ತಾಯಿ ತಿಮ್ಮವ್ವ ಇಳಿದಳು. ದಾರಿಯಲ್ಲಿ ಗಾಡಿ ತೆವಳಿದ ಸಂಗತಿ ಮೆಹಬೂಬನಿಗೆ ತಿಳಿದದ್ದೇ ಆಗ, ಹುಲಗಪ್ಪ ನಿಂತಲ್ಲೇ ಎಲ್ಲ ಹೇಳಿದಾಗ.

"ಆ ದಿನ ಏನಾತಂತ ಕಂಪ್ಯೂಟರಿನಾಗ ಬರದಿರ್ತದಂತಲ್ಲ, ಮೆಹಬೂಬಣ್ಣ? ಓದಿ ಹೇಳು. ನನ್ನ ಕಾಲಿಂದಽ ತಪ್ಪೇನು, ನನಗೂ ತಿಳೀಬೇಕಾಗ್ಯದ."

"ಕಾಲಿಂದಽ," ಎಂದಳು ತಿಮ್ಮವ್ವ. "ಬುದ್ಧಿ ಕೆಟ್ಟು ಎಕ್ಸಲೇಟರ್ ತುಳದು ತುಳದು ಗಾಡಿ ಕೆಡಸ್ಯಾನ. ನನ್ನ ತೊಡಿ ಮ್ಯಾಲ ಮಗಳು ಹೋಗ್ಯಾಳ ತಮ್ಮಾ. ಇವನ ತಪ್ಪಲ್ಲಂತ ಮಷೀನ್ ಹೇಳಿದ್ರ ಮಮ್ಮಗಳು ಮೋನಮ್ಮನ್ನ ಇವತ್ತಽ ಇವನ ಮನಿಗೆ ಕಳಸ್ತೇನಿ. ಇಲ್ಲಂದ್ರ ನನ್ನ ಹೊಸ್ತಿಲಾ ತುಳಿಯಾಕ ಬಿಡಾಂಗಿಲ್ಲ."

ಮೆಹಬೂಬ ಲ್ಯಾಪ್‌ಟಾಪ್ ತೆರೆದು ವೈರು ಚುಚ್ಚಿದ. ಎಲ್ಲವೂ ಅಲ್ಲಿತ್ತು. ಟರ್ಬೊ ಒತ್ತಡ ಮಿತಿ ಮೀರಿದೆ, ಶಕ್ತಿ ಕಡಿತಗೊಂಡಿದೆ. ದೋಷ ಹುಟ್ಟಿದ ಕ್ಷಣದಲ್ಲಿ ಎಕ್ಸಲೇಟರ್: ನಲವತ್ತು ಪರ್ಸೆಂಟ್. ಹುಲಗಪ್ಪ ಹುಚ್ಚನಂತೆ ತುಳಿದಿರಲಿಲ್ಲ. ಹೆಂಡತಿಗೆ ಅಲುಗಾಟವಾಗದಿರಲೆಂದು ಹದವಾಗಿ ಓಡಿಸುತ್ತಿದ್ದ. ಆ ಸಾಲಿನ ಮುಂದೆ ಕೂತು ಮೆಹಬೂಬನಿಗೆ ಅಳು ಬರುವಂತಾಯಿತು.

ಆದರೆ ಅಳಲಿಲ್ಲ. ಇದನ್ನು ಬಲ್ಲವರು ಯಾರಾದರೂ ಓದಿದರೆ, ಫೈಲು ಯಾರದೆಂದು ಕೇಳುತ್ತಾರೆ. ಪೊಲೀಸರು ಬರುತ್ತಾರೆ, ಗ್ಯಾರೇಜಿಗೆ ಬೀಗ ಬೀಳುತ್ತದೆ. ಬೆರಳು ಗುಂಡಿ ಒತ್ತಿತು, ದಾಖಲೆ ಅಳಿಸಿಹೋಯಿತು. ಕೈ ತಪ್ಪಿ ಆಯಿತೆಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಸುಳ್ಳು. ಹೆದರಿ ಒತ್ತಿದ್ದ.

"ಏನೂ ಇಲ್ಲವ್ವ, ಖಾಲಿ ಅದ," ಎಂದ.

ಖಾಲಿ ಎಂದರೆ ಯಾರಿಗೂ ಏನೂ ಆಗದು, ಮಾತು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದ ಮೂರ್ಖ. ತಿಮ್ಮವ್ವ ಸೆರಗು ಕೊಡವಿ, ಹೊರಡುತ್ತ ಅಳಿಯನ ಕಡೆ ತಿರುಗಿದಳು.

"ಕೇಳಿದೇನು? ಮಷೀನಿಗೆ ಏನೂ ಆಗಿದ್ದಿಲ್ಲ. ಆಗಿದ್ದು ನಿನಗಽ."

ಹುಲಗಪ್ಪ ತನ್ನ ಬಲಗಾಲನ್ನೇ ನೋಡುತ್ತ ನಿಂತ. ಅದನ್ನು ನೋಡಿ ಮೆಹಬೂಬನಿಂದ ತಡೆಯಲಾಗಲಿಲ್ಲ.

"ನಿಂದ್ರು ಯವ್ವ! ಇತ್ತು. ಬರದಿತ್ತು. ಅವನ ಕಾಲಿಂದೇನೂ ತಪ್ಪಿಲ್ಲ, ನಲವತ್ತು ಪರ್ಸೆಂಟ್ ಅಷ್ಟಽ ತುಳದಿದ್ದ. ನನ್ನ ಫೈಲಿನಿಂದ ಗಾಡಿ ನಿಧಾನಾತು. ಚಾವಿ ತಗದು ಹಾಕಿದ್ರ ಸಾಕಿತ್ತು, ಅದನ್ನೂ ನಾ ಹೇಳಿದ್ದಿಲ್ಲ. ಈಗ ಹೆದರಿ ಅಳಿಸಿಬಿಟ್ಟೆ."

"ಎಲ್ಲದ, ತೋರಸು," ಎಂದಳು ತಿಮ್ಮವ್ವ.

ಮೆಹಬೂಬ ಲ್ಯಾಪ್‌ಟಾಪ್ ಅವಳ ಕಡೆಗೆ ತಿರುಗಿಸಿದ. ಬಿಳಿ ತೆರೆ. ಓದು ಬಾರದ ತಿಮ್ಮವ್ವನಿಗೂ ಅದು ಖಾಲಿಯೆಂದು ತಿಳಿಯಿತು.

"ದೋಸ್ತನ್ನ ಉಳಸ್ಕೊಳ್ಳಾಕ ಇಷ್ಟು ಸುಳ್ಳೇನು? ಅದೂ ಸತ್ತಾಕಿ ಮ್ಯಾಲ?" ಎಂದು ನೆಲಕ್ಕೆ ಉಗಿದು, ಬಸ್ಸು ಹಿಡಿಯಲು ನಡೆದಳು.

ಮೆಹಬೂಬ ಹುಲಗಪ್ಪನ ತೋಳು ಹಿಡಿದುಕೊಂಡ. "ನೀನರೆ ನಂಬೋ. ಖರೇನ ಹೇಳಾಕತ್ತೇನಿ. ಹೊಡಿ ನನ್ನ."

ಹುಲಗಪ್ಪ ಮೆಲ್ಲಗೆ ಆ ಕೈ ಬಿಡಿಸಿ ಎರಡೂ ಕೈ ಜೋಡಿಸಿದ.

"ನೀ ದೊಡ್ಡ ಮನುಷ್ಯಾ, ಮೆಹಬೂಬಣ್ಣ. ನನ್ನ ಮಗಳ ಸಲುವಾಗಿ ಇಷ್ಟು ದೊಡ್ಡ ತಪ್ಪು ನಿನ್ನ ಮೈಮ್ಯಾಲ ಹಾಕ್ಕೊಳ್ಳಾಕತ್ತಿ. ಬ್ಯಾಡ. ಮಾಡಿದಾಂವ ನಾನು."

ಅವನು ಗಾಡಿ ಹತ್ತಿ ಹೊರಟ. ಮೆಹಬೂಬ ಬಾಗಿಲಲ್ಲಿ ನಿಂತು ನೋಡಿದ. ದೀಪ ಹತ್ತಿರಲಿಲ್ಲ, ಇಂಜಿನ್ನಿಗೆ ಯಾವ ತಡೆಯೂ ಇರಲಿಲ್ಲ. ಆದರೂ ಕಣ್ಣಿಗೆ ಕಾಣುವಷ್ಟು ದೂರವೂ ಗಾಡಿ ಇಪ್ಪತ್ತು ದಾಟಲಿಲ್ಲ.